ನರ
‘ನರ’ ಎಂಬ ಎರಡಕ್ಷರದ ಹಿಂದೆ ಎರಡು ಬೇರೆ ಬೇರೆ ಪದಗಳಿವೆ. ‘ನರಲೋಕ’, ‘ನರಸಿಂಹ’ಗಳ ನರ ಸಂಸ್ಕೃತದ್ದು. ಮೈಯೊಳಗಿನ ನರ ಅಚ್ಚ ದ್ರಾವಿಡ. ತಮಿಳಿನ ‘ನರಂಬು’, ತೆಲುಗಿನ ‘ನರಮು’ ಇದರ ಒಡಹುಟ್ಟುಗಳು. ತಮಿಳಿನಲ್ಲಿ ಯಾಳ್ ವಾದ್ಯದ ತಂತಿಯೂ ನರಂಬೇ.

ಆಡುಮಾತಿನಲ್ಲಿ ಇದರ ಹರವು ದೊಡ್ಡದು. ಮೀನಖಂಡದಲ್ಲಿ ಗಂಟುಗಂಟಾಗಿ ಊದಿದ ರಕ್ತನಾಳವೂ ನರ, ನಡುರಾತ್ರಿ ಸೆಟೆದುಕೊಳ್ಳುವ ಸ್ನಾಯುವೂ ನರ.

ವೈದ್ಯರ ನರ ಬೇರೆ: ಸ್ಪರ್ಶ, ನೋವುಗಳ ಸುದ್ದಿಯನ್ನೂ ಮೆದುಳಿನ ಆಜ್ಞೆಯನ್ನೂ ಸಾಗಿಸುವ ತಂತು. ಮಂಡಿಯ ಹೊರಬದಿಯಲ್ಲಿ, ತುಸು ಕೆಳಗೆ, ಕೈಗೆ ಸಿಗುವ ಮೂಳೆಯುಬ್ಬನ್ನು ಅಂಥದೊಂದು ನರ ಬಳಸಿ ಹೋಗುತ್ತದೆ. ಅಲ್ಲಿ ಒತ್ತಡ ಹೆಚ್ಚಿದರೆ ಪಾದ ಮೇಲೆತ್ತಲು ಬಾರದೆ, ನಡೆಯುವಾಗ ಬೆರಳುಗಳು ನೆಲಕ್ಕೆ ಎಡವುತ್ತವೆ. ಕಾಲಿನ ಹರಡಿನ ಒಳಬದಿಯ ‘ಟಾರ್ಸಲ್ ಟನಲ್’ ಎಂಬ ಇಕ್ಕಟ್ಟಾದ ಹಾದಿಯಲ್ಲಿ ಇನ್ನೊಂದು ನರ ಸಿಕ್ಕಿಕೊಂಡರೆ ಅಂಗಾಲು ಉರಿ, ಜೋಮು. ಈ ತೊಂದರೆಯನ್ನು 1962ರಲ್ಲಿ ಕೆಕ್ ಮತ್ತು ಲ್ಯಾಮ್ ಎಂಬ ವೈದ್ಯರು ಬೇರೆಬೇರೆಯಾಗಿ ವಿವರಿಸಿದರು.

ಹೀಗೆ ಸಿಕ್ಕಿಕೊಂಡ ನರದ ಶಸ್ತ್ರಚಿಕಿತ್ಸೆಯಲ್ಲಿ ನರವನ್ನು ಕತ್ತರಿಸುವುದಿಲ್ಲ; ಅದನ್ನು ಅದುಮಿರುವ ಗಟ್ಟಿ ಪೊರೆಪಟ್ಟಿಯನ್ನು ಸೀಳಿ, ನರವನ್ನು ಬಿಡಿಸುತ್ತಾರೆ. ಊದಿದ ರಕ್ತನಾಳದ ಚಿಕಿತ್ಸೆಯೇ ಬೇರೆ. ಹಾಗಾಗಿ ‘ಕಾಲಿನ ನರದ ಆಪರೇಷನ್’ ಎಂದು ಯಾರಾದರೂ ಹೇಳಿದರೆ, ಯಾವ ನರ ಎಂದು ತಪ್ಪದೆ ಕೇಳಿ.