ವಿದ್ಯಾದಾನದ ದಾರಿ: ಸಾಲೋಟಗಿಯಿಂದ ಸಂಡೂರಿಗೆ

ಸರ್ಕಾರಿ ಪ್ರೌಢಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆಯಲ್ಲಿ ದಾನದ ಇತಿಹಾಸವೇಕೆ ಎಂದು ಯಾರಾದರೂ ಕೇಳಬಹುದು. ಸರ್ಕಾರಿ ಶಾಲೆ ನಡೆಯುವುದು ತೆರಿಗೆಯ ಹಣದಿಂದ, ದಾನದಿಂದಲ್ಲ ಎಂಬ ಮಾತು ಸರಿಯೇ. ಆದರೆ ಐವತ್ತು ವರ್ಷ ತುಂಬಿದ ಶಾಲೆಗೆ ಏನು ಕೊಡೋಣ ಎಂದು ಹಳೆಯ ವಿದ್ಯಾರ್ಥಿಗಳಾದ ನಾವು ಈಗ ಲೆಕ್ಕ ಹಾಕುತ್ತಿದ್ದೇವೆ. ಕೆಲವರು ಸ್ವಾಗತ ಕಮಾನು ಎನ್ನುತ್ತಾರೆ, ಕೆಲವರು ಸ್ಮಾರ್ಟ್ ಬೋರ್ಡ್ ಎನ್ನುತ್ತಾರೆ. ತೀರ್ಮಾನಕ್ಕೆ ಬರುವ ಮೊದಲು, ನಮ್ಮ ನಾಡಿನಲ್ಲಿ ಹಿಂದಿನವರು ವಿದ್ಯೆಗಾಗಿ ಏನು ಕೊಟ್ಟರು, ಹೇಗೆ ಕೊಟ್ಟರು ಎಂದು ನೋಡುವುದು ಒಳ್ಳೆಯದು. ನಾನು ಬಿ.ಇ. ಓದಿದವನು, ಇತಿಹಾಸದ ಪಂಡಿತನಲ್ಲ. ಓದಿ ತಿಳಿದಷ್ಟನ್ನು ಗುರುಗಳ ಮತ್ತು ಊರ ಹಿರಿಯರ ಮುಂದೆ ಇಡುತ್ತಿದ್ದೇನೆ.

ದೀಪಕ್ಕೂ ಭೂಮಿ

ವಿಜಯಪುರ ಜಿಲ್ಲೆಯ ಇಂಡಿ ತಾಲೂಕಿನಲ್ಲಿ ಸಾಲೋಟಗಿ ಎಂಬ ಊರಿದೆ. ಅಲ್ಲಿ ಕ್ರಿ.ಶ. 945ರ ಒಂದು ಕಂಬದ ಶಾಸನವಿದೆ. ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣನ ಮಂತ್ರಿ ನಾರಾಯಣ ಅಲ್ಲೊಂದು ಶಾಲೆ ಕಟ್ಟಿಸಿದ. ಬೇರೆ ಬೇರೆ ನಾಡುಗಳಿಂದ ವಿದ್ಯಾರ್ಥಿಗಳು ಬರುತ್ತಿದ್ದರು. ಅವರ ವಸತಿಗೆ 27 ಮನೆಗಳ ಜಾಗ, ಊಟಕ್ಕೆ ಭೂಮಿ, ಅಧ್ಯಾಪಕರಿಗೆ ಬೇರೆ ಭೂಮಿ, ರಾತ್ರಿಯ ದೀಪಕ್ಕೆಂದೇ 12 ನಿವರ್ತನ ಭೂಮಿ ಎಂದು ವಿಂಗಡಿಸಿ ಬಿಟ್ಟಿದ್ದರು.

ಇಷ್ಟೇ ಆಗಿದ್ದರೆ ಅದು ದೊಡ್ಡವರೊಬ್ಬರ ದಾನದ ಕಥೆಯಾಗುತ್ತಿತ್ತು. ಆದರೆ ಊರಿನವರೂ ಅದರಲ್ಲಿ ಪಾಲು ಹಾಕಿದರು. ಮದುವೆಯಾದರೆ ಶಾಲೆಗೆ 5 ಹಣ, ಉಪನಯನವಾದರೆ ಅದರ ಅರ್ಧ ಕೊಡಬೇಕೆಂದು ಕಟ್ಟಳೆ ಮಾಡಿಕೊಂಡರು. ಮನೆಯಲ್ಲಿ ಶುಭಕಾರ್ಯ ನಡೆದಾಗಲೆಲ್ಲ ಶಾಲೆಯ ನೆನಪಾಗಬೇಕು ಎಂಬ ಈ ಏರ್ಪಾಟು ನನಗೆ ಬಹಳ ಹಿಡಿಸಿತು. ಮಂತ್ರಿ ಒಂದು ಸಲ ಕಟ್ಟಡ ಕಟ್ಟಿಸಬಹುದು. ಅದನ್ನು ವರ್ಷವರ್ಷವೂ ನಡೆಸಿಕೊಂಡು ಹೋಗಬೇಕಾದವರು ಊರಿನವರೇ.

ಇನ್ನೊಂದು ಮಾತನ್ನೂ ಹೇಳಬೇಕು. ಆ ಕಾಲದ ವಿದ್ಯಾದಾನ ಎಲ್ಲರಿಗೂ ಆಗಿರಲಿಲ್ಲ. ಅಗ್ರಹಾರ, ಘಟಿಕಾಸ್ಥಾನಗಳ ಬಾಗಿಲು ಕೆಲವರಿಗಷ್ಟೇ ತೆರೆದಿತ್ತು. ದಾನ ದೊಡ್ಡದಿದ್ದರೂ ಅದರ ವ್ಯಾಪ್ತಿ ಚಿಕ್ಕದಿತ್ತು.

533 ಶಾಲೆಗಳ ಲೆಕ್ಕ

ಮುಂದಿನ ಲೆಕ್ಕ ನಮ್ಮ ಸುತ್ತಮುತ್ತಲಿನದೇ. ಮದ್ರಾಸಿನ ಗವರ್ನರ್ ಥಾಮಸ್ ಮನ್ರೋ 1822ರಲ್ಲಿ ಎಲ್ಲ ಕಲೆಕ್ಟರುಗಳಿಂದ ಶಾಲೆಗಳ ವಿವರ ಕೇಳಿದರು. ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟ್‌ನಲ್ಲಿ ವರದಿ ಕಳಿಸಿದರು. ಆಗಿನ ಬಳ್ಳಾರಿ ಜಿಲ್ಲೆಯಲ್ಲಿ ಅನಂತಪುರದ ಕಡೆಯ ಊರುಗಳೂ ಸೇರಿದ್ದವು. ಘೋರ್ಪಡೆ ಮನೆತನದ ಆಳ್ವಿಕೆಯಲ್ಲಿದ್ದ ಸಂಡೂರು ಪ್ರತ್ಯೇಕ ಸಂಸ್ಥಾನ, ಆದರೆ ಅದರ ಸುತ್ತಲೂ ಇದ್ದದ್ದು ಇದೇ ಜಿಲ್ಲೆ.

ವರದಿಯ ಪ್ರಕಾರ ಜಿಲ್ಲೆಯ ಜನಸಂಖ್ಯೆ 9,27,857. ಕಲಿಕೆಯ ಸ್ಥಳಗಳು 533, ಅವುಗಳಲ್ಲಿ ಕನ್ನಡ ಶಾಲೆಗಳು 235, ತೆಲುಗು 226. ಇಂಗ್ಲಿಷ್ ಕಲಿಸುತ್ತಿದ್ದದ್ದು ಒಂದೇ ಒಂದು. ಕಲಿಯುತ್ತಿದ್ದವರು 6,641, ಅಂದರೆ ಸಾವಿರ ಜನಕ್ಕೆ ಸುಮಾರು ಏಳು. ಅವರಲ್ಲಿ ಹೆಣ್ಣುಮಕ್ಕಳು ಕೇವಲ 60.

ಈ 533ರಲ್ಲಿ ಒಂದಕ್ಕೂ ಸರ್ಕಾರದ ನೆರವಿಲ್ಲ ಎಂದು ಕ್ಯಾಂಪ್‌ಬೆಲ್ ನಾಚಿಕೆಯಿಂದಲೇ ಬರೆದುಕೊಂಡಿದ್ದಾರೆ. ಹಿಂದಿನ ರಾಜರ ಕಾಲದಲ್ಲಿ ವಿದ್ಯೆಗೆ ಭೂಮಿ, ಹಣ ಸಿಗುತ್ತಿತ್ತು, ಈಗ ಅದು ನಿಂತಿದೆ ಎನ್ನುತ್ತಾರೆ. ತಂದೆತಾಯಿ ಕೊಡುವ ಅಲ್ಪ ಶುಲ್ಕದಲ್ಲೇ ಮೇಷ್ಟರ ಜೀವನ ನಡೆಯಬೇಕಿತ್ತು. ವಿಲಾಯಿತಿಯ ಬಟ್ಟೆ ಬಂದು ನೇಕಾರರ ಕಸುಬು ಕುಸಿದಿತ್ತು. ಶುಲ್ಕ ಕೊಡಲಾಗದ ಮನೆಗಳವರು ಮಕ್ಕಳ ಕೈಕಾಲು ಗಟ್ಟಿಯಾಗುವ ಮೊದಲೇ ಅವರನ್ನು ಕೆಲಸಕ್ಕೆ ಹಚ್ಚುತ್ತಿದ್ದರು. ಊರಿನ ದುಡಿಮೆಗೂ ಶಾಲೆಯ ಹಾಜರಿಗೂ ಇರುವ ನಂಟನ್ನು ಇಷ್ಟು ಸ್ಪಷ್ಟವಾಗಿ ಹೇಳಿದ ಬರಹವನ್ನು ನಾನು ಬೇರೆ ಕಂಡಿಲ್ಲ.

ಸಂಘಗಳ ಕಾಲ

1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಅವರಿಂದ ಅಲ್ಲಿ ಮಿಷನರಿ ಶಾಲೆಗಳು ಮೊದಲಾದವು. ಖಾಸಗಿ ಶಾಲೆಗಳಿಗೆ ಸರ್ಕಾರ ಅನುದಾನ ಕೊಡಬಹುದೆಂಬ ನೀತಿ 1854ರಲ್ಲಿ ಬಂತು. ಜನ ಸೇರಿ ಶಾಲೆ ಕಟ್ಟಿದರೆ ಅದನ್ನು ನಡೆಸಲು ಸರ್ಕಾರ ಕೈಜೋಡಿಸುವ ದಾರಿ ಹೀಗೆ ತೆರೆಯಿತು.

ಆ ದಾರಿಯಲ್ಲಿ ನಡೆದವರು ನಮ್ಮ ಕಡೆಯ ವರ್ತಕರು, ಜಮೀನುದಾರರು, ಮಠಗಳು, ಶಿಕ್ಷಕರು. 1906ರಲ್ಲಿ ತೀರಿಕೊಂಡ ಸಿರಸಂಗಿ ಲಿಂಗರಾಜರು ತಮ್ಮ ಆಸ್ತಿಯನ್ನು ವಿದ್ಯಾರ್ಥಿಗಳ ಓದಿಗೆಂದು ಬರೆದಿಟ್ಟರು. 1916ರಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ಸೇರಿ ಕೆ.ಎಲ್.ಇ. ಸಂಸ್ಥೆ ಕಟ್ಟಿದರು. ಅದೇ ವರ್ಷ ಬಳ್ಳಾರಿಯಲ್ಲಿ ವೀರಶೈವ ವಿದ್ಯಾವರ್ಧಕ ಸಂಘ ಹುಟ್ಟಿತು. ಈ ಸಂಘ 1945ರಲ್ಲಿ ಬಳ್ಳಾರಿಯಲ್ಲಿ ಕಾಲೇಜು ತೆರೆಯಿತು. ಹೊಸಪೇಟೆಯ ವಿಜಯನಗರ ಕಾಲೇಜೂ ಇದೇ ಸಂಘದ್ದು. ಇಂಥ ಸಂಸ್ಥೆಗಳಲ್ಲಿ ಹಲವು ತಮ್ಮ ಸಮುದಾಯದ ಮಕ್ಕಳನ್ನು ಮುಂದೆ ತರಬೇಕೆಂದು ಹೊರಟವು, ಬರಬರುತ್ತ ಎಲ್ಲರಿಗೂ ತೆರೆದುಕೊಂಡವು.

ಸಂಡೂರಿನ ಪಾಲು

ಸಂಡೂರಿನಲ್ಲಿ ಬಾಗಿಲು ತೆರೆಯುವ ಮಾತು ಮೊದಲು ಬಂದದ್ದು ಗುಡಿಯ ವಿಷಯದಲ್ಲಿ. 1932ರಲ್ಲಿ ದೊರೆ ಯಶವಂತರಾವ್ ಘೋರ್ಪಡೆಯವರು ಕುಮಾರಸ್ವಾಮಿ ದೇವಸ್ಥಾನಕ್ಕೆ ದಲಿತರ ಪ್ರವೇಶವನ್ನು ಮುಕ್ತಗೊಳಿಸಿದರು. 1934ರಲ್ಲಿ ಇಲ್ಲಿಗೆ ಬಂದ ಗಾಂಧೀಜಿ ಅದನ್ನು ಮೆಚ್ಚಿಕೊಂಡರು. ಗುಡಿಯ ಬಾಗಿಲಲ್ಲಿ ತಡೆದು ನಿಲ್ಲಿಸುವ ಊರಿನಲ್ಲಿ ಶಾಲೆಯ ಬೆಂಚಿನ ಮೇಲೆ ಎಲ್ಲ ಮಕ್ಕಳು ಜೊತೆಗೆ ಕೂರುವುದು ಕಷ್ಟ. ಆದ್ದರಿಂದ ಶಿಕ್ಷಣದ ಇತಿಹಾಸದಲ್ಲೂ ಈ ವರ್ಷಕ್ಕೆ ಜಾಗ ಇರಬೇಕು ಎಂದು ನನ್ನ ಎಣಿಕೆ.

1949ರಲ್ಲಿ ಸಂಸ್ಥಾನ ವಿಲೀನವಾಗಿ ಮದ್ರಾಸ್ ಪ್ರಾಂತಕ್ಕೆ ಸೇರಿತು. 1953ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಬಂದೆವು. 1954ರಲ್ಲಿ ಸಂಡೂರು ಮ್ಯಾಂಗನೀಸ್ ಮತ್ತು ಕಬ್ಬಿಣದ ಅದಿರಿನ ಕಂಪನಿ ಸ್ಥಾಪನೆಯಾಯಿತು. ಅದೇ ದಶಕದ ಕೊನೆಗೆ ಘೋರ್ಪಡೆ ಮನೆತನದ ಮುಂದಾಳತ್ವದಲ್ಲಿ ಸಂಡೂರು ವಸತಿ ಶಾಲೆ ಆರಂಭವಾಯಿತು. ಅದಿರಿನ ಗುಡ್ಡಗಳ ಸಾಲಿನಲ್ಲಿ ಒಂದು ಹೊಸ ಪ್ರಶ್ನೆ ಹುಟ್ಟಿದ್ದು ಆಗಲೇ. ನೆಲದಿಂದ ತೆಗೆದ ಸಂಪತ್ತಿನಲ್ಲಿ ಅಲ್ಲಿಯ ಮಕ್ಕಳ ಓದಿಗೆ ಎಷ್ಟು ಪಾಲು?

ಗಣಿಗಾರಿಕೆಯ ಅಬ್ಬರದ ವರ್ಷಗಳನ್ನು ಈ ಊರು ಕಂಡಿದೆ. ಲಾರಿಗಳ ಸಾಲು, ಕೆಂಪು ಧೂಳು, ಆಮೇಲೆ 2011ರ ಜುಲೈನಲ್ಲಿ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ಸುಪ್ರೀಂ ಕೋರ್ಟ್ ಹಾಕಿದ ತಡೆ, ಇದನ್ನು ಯಾರಿಗೂ ವಿವರಿಸಬೇಕಾಗಿಲ್ಲ. ಅದರ ನಂತರ ಎರಡು ಕಾನೂನುಗಳು ಬಂದವು. 2013ರ ಕಂಪನಿ ಕಾಯ್ದೆಯಂತೆ ದೊಡ್ಡ ಕಂಪನಿಗಳು ತಮ್ಮ ಸರಾಸರಿ ಲಾಭದ ಶೇ. 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. 2015ರ ಗಣಿ ಕಾನೂನಿನ ತಿದ್ದುಪಡಿಯಿಂದ ಜಿಲ್ಲಾ ಖನಿಜ ಪ್ರತಿಷ್ಠಾನಗಳು ಹುಟ್ಟಿದವು. ಹಳೆಯ ಗುತ್ತಿಗೆದಾರರು ರಾಜಧನದ ಶೇ. 30ರಷ್ಟನ್ನು, ಹರಾಜಿನಲ್ಲಿ ಗುತ್ತಿಗೆ ಪಡೆದವರು ಶೇ. 10ರಷ್ಟನ್ನು ಅದಕ್ಕೆ ಕಟ್ಟಬೇಕು. ಗಣಿಯಿಂದ ತೊಂದರೆಗೊಳಗಾದ ಊರುಗಳ ಶಿಕ್ಷಣಕ್ಕೂ ಆ ಹಣ ಬಳಸಬೇಕೆಂಬುದು ನಿಯಮ.

ಇದನ್ನು ದಾನ ಎಂದು ಕರೆದು ಕೈಮುಗಿಯಬೇಕಾಗಿಲ್ಲ. ಇದು ನಮ್ಮ ಗುಡ್ಡಗಳ ಋಣ, ಕಾನೂನಿನಂತೆ ಬರಬೇಕಾದ ಬಾಕಿ. ಬಿಸಿಯೂಟದ ವಿಷಯದಲ್ಲೂ ಹೀಗೆಯೇ ಆಯಿತು. ಮಠಗಳ ದಾಸೋಹದಲ್ಲಿ ಉಂಡು ಓದಿದ ತಲೆಮಾರುಗಳು ನಮ್ಮ ನಾಡಿನಲ್ಲಿವೆ. 2001ರ ನವೆಂಬರ್ 28ರ ಸುಪ್ರೀಂ ಕೋರ್ಟ್ ಆದೇಶದ ನಂತರ ಪ್ರಾಥಮಿಕ ಶಾಲೆಯ ಮಗುವಿಗೆ ಬೇಯಿಸಿದ ಊಟ ಕೊಡುವುದು ಸರ್ಕಾರದ ಹೊಣೆಯಾಯಿತು. ದಾನವಾಗಿ ಶುರುವಾದದ್ದು ಹಕ್ಕಾಗಿ ನಿಂತಿತು. ಒಳ್ಳೆಯ ದಾನಕ್ಕೆ ಇದಕ್ಕಿಂತ ದೊಡ್ಡ ಸಾರ್ಥಕತೆ ಇಲ್ಲ.

ನಾವೇನು ಕೊಡಬೇಕು?

ಇಷ್ಟು ಓದಿದ ಮೇಲೆ ನನಗೆ ಎರಡು ವಿಷಯ ಸ್ಪಷ್ಟವಾದವು. ಮೊದಲನೆಯದು, ಸರ್ಕಾರ ಮಾಡಬೇಕಾದ ಕೆಲಸವನ್ನು ನಾವು ಚಂದಾ ಎತ್ತಿ ಮಾಡಬಾರದು. ಕೊಠಡಿ, ಶೌಚಾಲಯ, ಖಾಲಿ ಹುದ್ದೆಗೆ ಶಿಕ್ಷಕರು, ಇವನ್ನು ಇಲಾಖೆಯಿಂದಲೂ ಖನಿಜ ನಿಧಿಯಿಂದಲೂ ಕೇಳಿ ಪಡೆಯಬೇಕು. ಅರ್ಜಿ ಬರೆಯುವುದು, ಅದರ ಹಿಂದೆ ಓಡಾಡುವುದು, ಬಂದ ಹಣದ ಲೆಕ್ಕ ಕೇಳುವುದು ಕೂಡ ಕೊಡುಗೆಯೇ. ಪಟ್ಟಣದಲ್ಲಿರುವ ನಮಗೆ ಅದು ಕಷ್ಟವೂ ಅಲ್ಲ.

ಎರಡನೆಯದು, ಕೊಡುವುದಾದರೆ ದೀಪದ ಎಣ್ಣೆಗೆ ಕೊಡಬೇಕು. ನನ್ನ ಕಸುಬಿನಲ್ಲಿ ಎಲ್ಲರಿಗೂ ಗೊತ್ತಿರುವ ಮಾತೊಂದಿದೆ: ತಂತ್ರಾಂಶ ಕಟ್ಟುವ ಖರ್ಚಿಗಿಂತ ಅದನ್ನು ವರ್ಷಗಟ್ಟಲೆ ನಡೆಸುವ ಖರ್ಚೇ ಹೆಚ್ಚು. ಕಂಪ್ಯೂಟರ್ ಕೊಟ್ಟು ಫೋಟೊ ತೆಗೆಸಿಕೊಂಡರೆ, ಯುಪಿಎಸ್ ಬ್ಯಾಟರಿ ಸತ್ತ ದಿನ ಆ ಕೋಣೆಗೆ ಬೀಗ ಬೀಳುತ್ತದೆ. ಅದರ ಬದಲು ಐದು ಲಕ್ಷ ರೂಪಾಯಿಯ ನಿಧಿ ಮಾಡಿ ಬ್ಯಾಂಕಿನಲ್ಲಿಟ್ಟರೆ, ಶೇ. 7ರ ಬಡ್ಡಿ ಸಿಕ್ಕರೂ ವರ್ಷಕ್ಕೆ 35,000 ರೂಪಾಯಿ ಬರುತ್ತದೆ. ಪ್ರಯೋಗಾಲಯದ ಸಾಮಾನು, ಗ್ರಂಥಾಲಯಕ್ಕೆ ಹೊಸ ಪುಸ್ತಕ, ರಿಪೇರಿ, ಹತ್ತನೆಯ ತರಗತಿಯ ನಂತರ ಓದು ನಿಲ್ಲಿಸುವ ಸ್ಥಿತಿಯಲ್ಲಿರುವ ಒಂದಿಬ್ಬರು ಹೆಣ್ಣುಮಕ್ಕಳ ಕಾಲೇಜು ಶುಲ್ಕ, ಇಷ್ಟಕ್ಕೆ ಅದು ಆಗುತ್ತದೆ. ಅಸಲು ಹಾಗೆಯೇ ಉಳಿಯುತ್ತದೆ.

ಸಾಲೋಟಗಿಯವರ ಕಟ್ಟಳೆಯನ್ನೂ ನಾವು ಎರವಲು ಪಡೆಯಬಹುದು. ಮನೆಯಲ್ಲಿ ಮದುವೆ, ಗೃಹಪ್ರವೇಶ, ಮಕ್ಕಳ ಹುಟ್ಟುಹಬ್ಬ ಬಂದಾಗ ಶಾಲೆಯ ನಿಧಿಗೆ ಕೈಲಾದಷ್ಟು ಸೇರಿಸೋಣ. ಸಾವಿರ ಕೊಡುವವರೂ ಐವತ್ತು ಕೊಡುವವರೂ ಒಂದೇ ಪುಸ್ತಕದಲ್ಲಿ ಬರೆಸಲಿ. ಅದರ ಜಮಾಖರ್ಚನ್ನು ಪ್ರತಿ ವರ್ಷ ಆಗಸ್ಟ್ 15ರಂದು ಶಾಲೆಯ ಅಂಗಳದಲ್ಲಿ, ಮುಖ್ಯೋಪಾಧ್ಯಾಯರ ಮತ್ತು ಶಾಲಾಭಿವೃದ್ಧಿ ಸಮಿತಿಯವರ ಎದುರು, ಒಬ್ಬ ವಿದ್ಯಾರ್ಥಿನಿಯ ಕೈಯಲ್ಲಿ ಗಟ್ಟಿಯಾಗಿ ಓದಿಸೋಣ.