ಒಂದೇ ಸ್ಲೈಡ್, ಐದು ಉತ್ತರ: ಬಯಾಪ್ಸಿ ರಿಪೋರ್ಟ್ ಹಿಂದಿನ ಇತಿಹಾಸ

ಹೊಳಲ್ಕೆರೆಯಿಂದ ಮಾತಾಡ್ತಿದೀನಿ. ಇವತ್ತಿನ ವಿಷಯ ಸ್ವಲ್ಪ ಭಾರ. ಬಸ್ಸಲ್ಲಿ ಕೇಳ್ತಿದ್ರೆ ಕೇಳಿ, ಆದ್ರೆ ಮನೇಲಿ ಅಮ್ಮ, ಅಕ್ಕ, ಚಿಕ್ಕಮ್ಮ ಇದ್ದಾಗ ಇನ್ನೊಂದು ಸಲ ಸ್ಪೀಕರ್‌ಗೆ ಹಾಕಿ.

ಎದೆಯಲ್ಲಿ ಗಂಟು ಸಿಗುತ್ತೆ. ಸೂಜಿ ಹಾಕಿ ಒಂದು ಚೂರು ಮಾಂಸ ತೆಗೀತಾರೆ. ಅದನ್ನ ಫಾರ್ಮಲಿನ್‌ನಲ್ಲಿ ನೆನೆಸಿ, ಮೇಣದೊಳಗೆ ಕೂರಿಸಿ, ಕೂದಲಿಗಿಂತ ತೆಳ್ಳಗೆ ಸೀಳಿ, ಗಾಜಿನ ಮೇಲೆ ಅಂಟಿಸಿ ಬಣ್ಣ ಹಾಕ್ತಾರೆ. ಆಮೇಲೆ ಒಬ್ಬ ಪೆಥಾಲಜಿಸ್ಟ್ ಮೈಕ್ರೋಸ್ಕೋಪ್‌ನಲ್ಲಿ ನೋಡಿ ಬರೀತಾರೆ. ಆ ಒಂದು ಸಾಲಿನ ಮೇಲೆ ಆಪರೇಷನ್, ಕೀಮೋ, ಮನೆಯ ಸಾಲ, ಎಲ್ಲ ನಿಂತಿರುತ್ತೆ. ರಕ್ತದ ಸಕ್ಕರೆ ಥರ ಮೆಷಿನ್ ಕೊಟ್ಟ ನಂಬರ್ ಇದು ಅಂತ ನಾವು ಅಂದ್ಕೊಂಡಿರ್ತೀವಿ. ಇದು ಒಬ್ಬರು ಕಣ್ಣಲ್ಲಿ ನೋಡಿ ಕೊಟ್ಟ ತೀರ್ಪು. ಹಾಗಾದ್ರೆ ಅದೇ ಗಾಜನ್ನ ಇನ್ನೊಬ್ಬರಿಗೆ ಕೊಟ್ರೆ? ಈ ಪ್ರಶ್ನೆಗೂ ಒಂದು ಇತಿಹಾಸ ಇದೆ.

1991ಕ್ಕೆ ಹೋಗೋಣ. ಹುವಾನ್ ರೊಸಾಯ್ ಅಂತ, ಪೆಥಾಲಜಿ ಲೋಕದಲ್ಲಿ ಬಹಳ ದೊಡ್ಡ ಹೆಸರು. ಅವರು ಸ್ತನದ 17 ಕೇಸುಗಳ ಸ್ಲೈಡ್ ತಗೊಂಡು ಅನುಭವಿಗಳಾದ ಐದು ಜನ ಪೆಥಾಲಜಿಸ್ಟ್‌ಗಳಿಗೆ ಕೊಟ್ರು. ಎಲ್ಲವೂ ಗಡಿಯ ಕೇಸುಗಳು: ಕೋಶಗಳು ಜಾಸ್ತಿ ಬೆಳೆದಿವೆ, ಆದ್ರೆ ಕ್ಯಾನ್ಸರ್ ಹೌದೋ ಅಲ್ವೋ ಅನ್ನೋ ಥರದ್ದು. ನಿಮ್ಮ ನಿಮ್ಮ ಪದ್ಧತಿ ಪ್ರಕಾರ ಹೇಳಿ ಅಂದ್ರು. ಐದೂ ಜನ ಒಂದೇ ಮಾತು ಹೇಳಿದ ಕೇಸು ಎಷ್ಟು ಗೊತ್ತಾ? ಸೊನ್ನೆ. ಸುಮಾರು ಮೂರನೇ ಒಂದು ಭಾಗ ಕೇಸುಗಳಲ್ಲಿ ಒಬ್ಬರು ‘ಬರೀ ಬೆಳವಣಿಗೆ’ ಅಂದದ್ದನ್ನೇ ಇನ್ನೊಬ್ಬರು ‘ನಾಳದೊಳಗಿನ ಕ್ಯಾನ್ಸರ್’ ಅಂದಿದ್ರು.

ನಮ್ಮ ಕಡೆ ಅಡಿಕೆ ಗೊತ್ತಿರೋರಿಗೆ ಇದು ಬೇಗ ಅರ್ಥ ಆಗುತ್ತೆ. ಭೀಮಸಮುದ್ರಕ್ಕೆ ಒಂದು ಮೂಟೆ ತಗೊಂಡು ಹೋಗಿ. ಒಳ್ಳೇ ಮಾಲು ಕಣ್ಣಿಗೆ ಹೊಡೆಯುತ್ತೆ, ಕೆಟ್ಟ ಮಾಲೂ ಅಷ್ಟೇ. ಜಗಳ ಇರೋದು ಮಧ್ಯದ ಮಾಲಲ್ಲಿ. ಆದ್ರೆ ಅಲ್ಲಿ ಹೆಚ್ಚುಕಮ್ಮಿ ಆದ್ರೆ ಹೋಗೋದು ಕ್ವಿಂಟಾಲಿಗೆ ಇಷ್ಟು ರೂಪಾಯಿ. ಇಲ್ಲಿ ಹೋಗೋದು ಬೇರೆ.

ಮುಂದಿನ ವರ್ಷ, 1992ರಲ್ಲಿ, ಸ್ಟುವರ್ಟ್ ಶ್ನಿಟ್ ಮತ್ತು ಜೊತೆಗಾರರು ಇದಕ್ಕೊಂದು ಉತ್ತರ ಕೊಟ್ರು. ಎಲ್ಲರಿಗೂ ಮೊದಲೇ ಒಂದೇ ನಿಯಮ ಕೊಟ್ಟು ನೋಡೋಣ ಅಂತ. 24 ಕೇಸು, ಆರು ಜನ. ಆರೂ ಜನ ಒಪ್ಪಿದ್ದು ಶೇ. 58 ಕೇಸುಗಳಲ್ಲಿ. ಸೊನ್ನೆಗೂ 58ಕ್ಕೂ ಬಹಳ ವ್ಯತ್ಯಾಸ ಇದೆ. ಆದ್ರೂ ನನಗೆ ಕಣ್ಣಿಗೆ ಬೀಳೋದು ಉಳಿದ 42.

ಆ ನಿಯಮಗಳು ಹೇಗಿರ್ತವೆ ಅಂತ ಒಂದು ಉದಾಹರಣೆ ಹೇಳ್ತೀನಿ. ಹಾಲಿನ ನಾಳದೊಳಗೆ ಅಸಹಜ ಕೋಶಗಳು ಸ್ವಲ್ಪ ಇದ್ರೆ ಅದನ್ನ ಎಟಿಪಿಯಾ ಅಂತಾರೆ, ಕ್ಯಾನ್ಸರ್ ಅನ್ನಲ್ಲ. ಅದೇ ಥರದ ಕೋಶಗಳು ಹೆಚ್ಚು ಜಾಗ ಹಿಡಿದಿದ್ರೆ ಡಿಸಿಐಎಸ್, ಅಂದ್ರೆ ನಾಳದ ಗೋಡೆ ದಾಟದೆ ಒಳಗೇ ಇರೋ ಕ್ಯಾನ್ಸರ್. ‘ಸ್ವಲ್ಪ’ ಅಂದ್ರೆ ಎಷ್ಟು? ಒಂದು ಪಂಗಡ ಹೇಳಿದ್ದು, ಎರಡು ನಾಳ ತುಂಬಿರಬೇಕು. 1990ರಲ್ಲಿ ಇನ್ನೊಂದು ಪಂಗಡ ಹೇಳಿದ್ದು, ಎರಡು ಮಿಲಿಮೀಟರ್ ದಾಟಿರಬೇಕು. 1.9 ಇದ್ರೆ ಒಂದು ಹೆಸರು, 2.1 ಇದ್ರೆ ಇನ್ನೊಂದು. ಕೋಶಕ್ಕೇನೂ ಸ್ಕೇಲ್ ಗೊತ್ತಿಲ್ಲ. ಆದ್ರೆ ಎಲ್ಲೋ ಒಂದು ಗೆರೆ ಎಳೀಲೇಬೇಕಲ್ಲ, ಇನ್‌ಕಮ್ ಟ್ಯಾಕ್ಸ್ ಸ್ಲ್ಯಾಬ್ ಇದ್ದ ಹಾಗೆ.

ನಾನು ಓದಿದ್ದು ಕಾಮರ್ಸ್. ಇಬ್ಬರು ಆಡಿಟರ್ ಒಂದೇ ಲೆಡ್ಜರ್ ನೋಡಿ ಒಪ್ಪಿದ್ರು ಅಂದ್ರೆ ನನಗೆ ಬರೋ ಮೊದಲ ಅನುಮಾನ: ಸುಮ್ಮನೆ ಕಾಕತಾಳೀಯವಾಗಿ ಒಪ್ಪಿರಬಹುದಾ? ಇದಕ್ಕೆ 1960ರಲ್ಲಿ ಜೇಕಬ್ ಕೋಹೆನ್ ಅನ್ನೋ ಮನಶ್ಶಾಸ್ತ್ರಜ್ಞ ‘ಕಪ್ಪಾ’ ಅನ್ನೋ ಅಳತೆ ಕೊಟ್ರು. 100 ಸ್ಲೈಡ್ ಇವೆ ಅನ್ಕೊಳ್ಳಿ. ಇಬ್ಬರೂ ಕಣ್ಣು ಮುಚ್ಚಿ ತೊಂಬತ್ತಕ್ಕೆ ‘ಏನಿಲ್ಲ’, ಹತ್ತಕ್ಕೆ ‘ಕ್ಯಾನ್ಸರ್’ ಅಂತ ಚೀಟಿ ಅಂಟಿಸಿದ್ರೂ ಸರಾಸರಿ 82 ಸ್ಲೈಡ್‌ಗಳಲ್ಲಿ ಇಬ್ಬರ ಮಾತು ಸೇರುತ್ತೆ. ಅಂಥ ಕಡೆ ಶೇ. 82 ಒಮ್ಮತ ಅಂದ್ರೆ ಕಪ್ಪಾ ಲೆಕ್ಕದಲ್ಲಿ ಸೊನ್ನೆ. ಯಾರಾದ್ರೂ ಬರೀ ಪರ್ಸೆಂಟ್ ಹೇಳಿದ್ರೆ ಇದನ್ನ ನೆನಪಿಡಿ.

ಈ ವಿಷಯ ಪತ್ರಿಕೆಗಳ ಮುಖಪುಟಕ್ಕೆ ಬಂದದ್ದು 2015ರಲ್ಲಿ. ಜೋನ್ ಎಲ್ಮೋರ್ ಅನ್ನೋ ವೈದ್ಯೆಯ ತಂಡ ಅಮೆರಿಕದ ಎಂಟು ರಾಜ್ಯಗಳ 115 ಪೆಥಾಲಜಿಸ್ಟ್‌ಗಳನ್ನ ಸೇರಿಸ್ಕೊಂಡು 240 ಬಯಾಪ್ಸಿಗಳನ್ನ ಹಂಚಿತು. ಒಟ್ಟು 6,900 ತೀರ್ಪು. ಮೂವರು ತಜ್ಞರ ಪ್ಯಾನೆಲ್ ಹೇಳಿದ್ದಕ್ಕೆ ಅದನ್ನ ಹೋಲಿಸಿದ್ರು. ನಾಳ ದಾಟಿದ ಕ್ಯಾನ್ಸರ್‌ನಲ್ಲಿ ಶೇ. 96 ಹೊಂದಿಕೆ. ಡಿಸಿಐಎಸ್‌ನಲ್ಲಿ 84. ಎಟಿಪಿಯಾದಲ್ಲಿ 48. ಅರ್ಧಕ್ಕಿಂತ ಕಮ್ಮಿ! ಇನ್ನೊಂದು ಮಾತು ಸುದ್ದಿಯಲ್ಲಿ ಅಷ್ಟು ಬರಲಿಲ್ಲ: ಆ ಮೂವರು ತಜ್ಞರೂ ತಂತಮ್ಮಷ್ಟಕ್ಕೆ ನೋಡಿದಾಗ ಮೂವರೂ ಒಪ್ಪಿದ್ದು ಶೇ. 75 ಕೇಸುಗಳಲ್ಲಿ ಮಾತ್ರ. ಅಳತೆಗೋಲಿಗೂ ಒಂದು ಅಳತೆ ಬೇಕು ಅನ್ನೋ ಹಾಗೆ.

ಈಗ ಊರಿಗೆ ಬರೋಣ. ಆ 48ನ್ನ ನೋಡಿ ನಾವು ಗಾಬರಿ ಆಗಬೇಕಾ? ನನ್ನ ಅಭಿಪ್ರಾಯದಲ್ಲಿ ಅಷ್ಟಾಗಿ ಬೇಡ. ಎಟಿಪಿಯಾ, ಡಿಸಿಐಎಸ್ ಹೆಚ್ಚಾಗಿ ಸಿಗೋದು ಆರೋಗ್ಯವಾಗಿರೋ ಹೆಂಗಸರಿಗೆಲ್ಲ ಮ್ಯಾಮೋಗ್ರಾಮ್ ಮಾಡೋ ದೇಶಗಳಲ್ಲಿ. ನಮ್ಮಲ್ಲಿ ಆ ಪದ್ಧತಿ ಇಲ್ಲ. ಇಲ್ಲಿ ಹೆಚ್ಚಿನವರು ಗಂಟು ಕೈಗೆ ಸಿಕ್ಕ ಮೇಲೆ, ಕೆಲವರು ಅದಾದ ಎಷ್ಟೋ ತಿಂಗಳ ಮೇಲೆ ಬರ್ತಾರೆ. ಆಗ ‘ಕ್ಯಾನ್ಸರ್ ಹೌದಾ’ ಅನ್ನೋದರಲ್ಲಿ ಭಿನ್ನಾಭಿಪ್ರಾಯ ಕಮ್ಮಿ. ಬೆಂಗಳೂರಿನ ಕಿದ್ವಾಯಿ ಶುರುವಾದದ್ದು 1973ರಲ್ಲಿ. ಅಲ್ಲಿನ ಕ್ಯಾನ್ಸರ್ ನೋಂದಣಿ 1982ರಿಂದ ಬೆಂಗಳೂರು ಜನರ ಲೆಕ್ಕ ಇಡ್ತಾ ಬಂದಿದೆ. ಅಲ್ಲಿ ಎಣಿಸೋದು ಹರಡೋ ಶಕ್ತಿ ಇರೋ ಕ್ಯಾನ್ಸರ್‌ಗಳನ್ನ, ಅಂದ್ರೆ ಆ 96ರ ಗುಂಪನ್ನ. ಹಾಗಾಗಿ ಹೆಂಗಸರಲ್ಲಿ ಗರ್ಭಕಂಠದ ಕ್ಯಾನ್ಸರ್ ಹಿಂದಾಗಿ ಸ್ತನ ಕ್ಯಾನ್ಸರ್ ಮುಂದೆ ಬಂದಿದೆ ಅನ್ನೋ ಲೆಕ್ಕವನ್ನ ಈ ಕಾರಣಕ್ಕೆ ಅನುಮಾನಿಸಬೇಕಿಲ್ಲ.

ನಮ್ಮ ತಲೆನೋವು ರಿಪೋರ್ಟ್‌ನ ಎರಡನೇ ಭಾಗ. ಕ್ಯಾನ್ಸರ್ ಅಂತ ಗೊತ್ತಾದ ಮೇಲೆ ‘ಯಾವ ಥರ?’ ಅಂತ ಕೇಳೋ ಭಾಗ. ಇಆರ್, ಪಿಆರ್, ಹರ್-ಟೂ ಅಂತ ಬರೆದಿರ್ತಾರಲ್ಲ, ಅದು. ಇಆರ್ ಪಾಸಿಟಿವ್ ಇದ್ರೆ ದಿನಾ ಒಂದು ಮಾತ್ರೆಯ ಚಿಕಿತ್ಸೆ ಕೆಲಸ ಮಾಡುತ್ತೆ. ಮುಂಬೈನ ಟಾಟಾ ಆಸ್ಪತ್ರೆಯವರು 798 ಗಡ್ಡೆಗಳನ್ನ ನೋಡಿ 2000ನೇ ಇಸವಿಯಲ್ಲಿ ಪ್ರಕಟಿಸಿದ್ರು: ಇಆರ್ ಪಾಸಿಟಿವ್ ಶೇ. 32.6. ಪಶ್ಚಿಮ ದೇಶಗಳಲ್ಲಿ ಅದು 70ರ ಆಸುಪಾಸು. ಭಾರತದ ಹೆಂಗಸರ ಕ್ಯಾನ್ಸರೇ ಬೇರೆ ಜಾತಿ ಅನ್ನೋ ಮಾತು ಹುಟ್ಟಿತು. ಆಮೇಲಿನ ವರ್ಷಗಳಲ್ಲಿ ಭಾರತದ ಬೇರೆ ಬೇರೆ ಅಂಕಿಗಳು ಅರ್ಧ ದಾಟಿದವು. ವಯಸ್ಸಿನ ವ್ಯತ್ಯಾಸ ಒಂದು ಕಾರಣ ಇದ್ದೇ ಇದೆ. ಇನ್ನೊಂದು ಕಾರಣ ಬಾಟಲಿಯೊಳಗೆ ಇರಬಹುದು.

ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ. ದೇಹದಿಂದ ತೆಗೆದ ಮಾಂಸ ಒಂದು ಗಂಟೆಯೊಳಗೆ ಫಾರ್ಮಲಿನ್‌ಗೆ ಬೀಳಬೇಕು. ಅದರಲ್ಲಿ ಕನಿಷ್ಠ 6 ಗಂಟೆ, ಹೆಚ್ಚೆಂದರೆ 72 ಗಂಟೆ ಇರಬೇಕು. ಇದು ಈಗಿನ ಅಂತರರಾಷ್ಟ್ರೀಯ ನಿಯಮ. ಕಮ್ಮಿ ಆದ್ರೆ, ತಡ ಆದ್ರೆ, ಆ ರಿಸೆಪ್ಟರ್ ಪ್ರೋಟೀನ್ ಹಾಳಾಗಿ ‘ಇಲ್ಲ’ ಅಂತ ಬರಬಹುದು. ಸಣ್ಣ ಊರಲ್ಲಿ ಆಪರೇಷನ್ ಆಗಿ, ಡಬ್ಬಿ ಹಿಡ್ಕೊಂಡು ಮನೆಯವರೇ ದಾವಣಗೆರೆಗೋ ಶಿವಮೊಗ್ಗಕ್ಕೋ ಬಸ್ ಹತ್ತಿದ್ರು ಅನ್ಕೊಳ್ಳಿ. ಅಂಥ ಡಬ್ಬಿಯಲ್ಲಿ ಫಾರ್ಮಲಿನ್ ಸಾಕಷ್ಟು ಇದ್ಯಾ, ಭಾನುವಾರ ಲ್ಯಾಬ್ ಬಾಗಿಲು ತೆಗೆದಿತ್ತಾ ಅನ್ನೋದೂ ರಿಪೋರ್ಟ್‌ನ ಭಾಗ. ಆದ್ರೆ ಕಾಗದದಲ್ಲಿ ಕಾಣಲ್ಲ. ಪೆಥಾಲಜಿಸ್ಟ್ ಎಷ್ಟೇ ಜಾಣರಿದ್ರೂ ಗಾಜಿನ ಮೇಲೆ ಉಳಿದಿಲ್ಲದ್ದನ್ನ ನೋಡೋಕಾಗಲ್ಲ. ಜೊತೆಗೆ ಗೆರೆಯೂ ಸರೀತು: ಹಿಂದೆ ಎಷ್ಟೋ ಕಡೆ ಶೇ. 10 ಕೋಶಗಳಿಗೆ ಬಣ್ಣ ಬಂದ್ರೆ ಪಾಸಿಟಿವ್ ಅಂತಿದ್ರು, 2010ರ ಅಮೆರಿಕನ್ ಮಾರ್ಗಸೂಚಿ ಅದನ್ನ ಶೇ. 1ಕ್ಕೆ ಇಳಿಸಿತು.

ಹರ್-ಟೂ ಕಥೆಯಲ್ಲಿ ದುಡ್ಡೂ ಇದೆ. ಅದಕ್ಕೆ 0, 1+, 2+, 3+ ಅಂತ ಅಂಕ. 3+ ಬಂದ್ರೆ ಟ್ರಾಸ್ಟುಜುಮ್ಯಾಬ್ ಇಂಜೆಕ್ಷನ್. 2+ ಬಂದ್ರೆ ಫಿಶ್ ಅನ್ನೋ ಇನ್ನೊಂದು ಟೆಸ್ಟ್. ಈ ಔಷಧಿ ಅಮೆರಿಕದಲ್ಲಿ ಬಂದದ್ದು 1998ರಲ್ಲಿ. 2002ರಲ್ಲಿ ಅಲ್ಲಿನ ಒಂದು ದೊಡ್ಡ ಟ್ರಯಲ್‌ನ ಮೊದಲ 104 ಕೇಸುಗಳನ್ನ ಕೇಂದ್ರ ಲ್ಯಾಬ್‌ನಲ್ಲಿ ಮತ್ತೆ ನೋಡಿದಾಗ ಶೇ. 18 ಪಾಸಿಟಿವ್‌ಗಳು ಪಾಸಿಟಿವ್ ಆಗಿರಲೇ ಇಲ್ಲ. ಅಂಥ ಗಲಿಬಿಲಿಯಿಂದಲೇ 2007ರಲ್ಲಿ ಕಟ್ಟುನಿಟ್ಟಿನ ಮಾರ್ಗಸೂಚಿ ಬಂತು. ನಮ್ಮ ಬೆಂಗಳೂರಿನ ಬಯೋಕಾನ್ ಇದೇ ಔಷಧಿಯ ತನ್ನ ಆವೃತ್ತಿಯನ್ನ ಕ್ಯಾನ್‌ಮ್ಯಾಬ್ ಅನ್ನೋ ಹೆಸರಲ್ಲಿ 2014ರಲ್ಲಿ ಬಿಡುಗಡೆ ಮಾಡಿದಾಗ, 440 ಮಿಲಿಗ್ರಾಂಗೆ ಸುಮಾರು 57,500 ರೂಪಾಯಿ. ಅಗ್ಗ ಅಂತ ಆವತ್ತು ಸುದ್ದಿ ಆಯ್ತು, ಅಗ್ಗವೂ ಹೌದು. ಆದ್ರೂ ಒಂದು ಎಕರೆ ತೋಟದವರಿಗೆ ಹಲವು ಡೋಸ್‌ಗೆ ಅದನ್ನ ಗುಣಿಸಿ ನೋಡಿ. 3+ ಅಂತ ತಪ್ಪಾಗಿ ಬಂದ್ರೆ ತೋಟ ಹೋಗುತ್ತೆ, ಔಷಧಿ ಕೆಲಸ ಮಾಡಲ್ಲ. 1+ ಅಂತ ತಪ್ಪಾಗಿ ಬಂದ್ರೆ ತೋಟ ಉಳಿಯುತ್ತೆ.

ನಮ್ಮ ಸಂಬಂಧದಲ್ಲಿ ಒಬ್ಬ ಚಿಕ್ಕಮ್ಮನಿಗೆ ಮೊದಲ ಲ್ಯಾಬ್ 3+ ಅಂದಿತ್ತು. ಇನ್ನೊಂದು ಕಡೆ ಅದೇ ಬ್ಲಾಕ್ ನೋಡಿ 2+ ಅಂದ್ರು, ಫಿಶ್ ಮಾಡಿದ್ರೆ ನೆಗೆಟಿವ್. ಚಿಕ್ಕಮ್ಮ ಕೇಳಿದ್ದು ಒಂದೇ ಪ್ರಶ್ನೆ: “ಹಂಗಾರೆ ಯಾರು ಸುಳ್ಳು ಹೇಳಿದ್ರೋ ಮಗಾ?” ಯಾರೂ ಹೇಳಿಲ್ಲ ಚಿಕ್ಕಮ್ಮ ಅಂತ ವಿವರಿಸೋಕೆ ನನಗೆ ಅರ್ಧ ಗಂಟೆ ಬೇಕಾಯ್ತು. ಅವರು ನಂಬಿದ್ರೋ ಇಲ್ವೋ ಗೊತ್ತಿಲ್ಲ, ಕಾಫಿ ಅಂತೂ ಕೊಟ್ರು.

‘ಬ್ಲಾಕ್’ ಅಂದ್ನಲ್ಲ, ಅದು ಮೇಣದ ತುಂಡು. ಒಳಗೆ ಮಾಂಸದ ಚೂರು ವರ್ಷಗಟ್ಟಲೆ ಹಾಗೇ ಇರುತ್ತೆ, ಮತ್ತೆ ಸೀಳಿ ಮತ್ತೆ ನೋಡಬಹುದು. ಎರಡನೇ ಅಭಿಪ್ರಾಯಕ್ಕೆ ರಿಪೋರ್ಟ್‌ನ ಜೆರಾಕ್ಸ್ ಮಾತ್ರ ತಗೊಂಡು ಹೋದ್ರೆ ಅವರು ಓದೋದು ಮೊದಲನೆಯವರ ಮಾತನ್ನೇ. ಸ್ಲೈಡ್ ಮತ್ತು ಬ್ಲಾಕ್ ಎರಡೂ ಕೇಳಿ ಇಸ್ಕೊಳ್ಳಿ. ದೊಡ್ಡ ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ಹೊರಗಿಂದ ಬಂದ ಸ್ಲೈಡ್ ಮತ್ತೆ ನೋಡೋದು ಮಾಮೂಲಿ ಕೆಲಸ, ಕೇಳೋಕೆ ಮುಜುಗರ ಬೇಡ.

ಕಥೆ ಇನ್ನೂ ನಡೀತಾ ಇದೆ. 2022ರವರೆಗೆ ಹರ್-ಟೂ 0 ಬಂದ್ರೂ 1+ ಬಂದ್ರೂ ಚಿಕಿತ್ಸೆ ಒಂದೇ ಆಗಿತ್ತು, ಹಾಗಾಗಿ ಆ ಎರಡರ ಮಧ್ಯೆ ಯಾರೂ ತಲೆ ಕೆಡಿಸ್ಕೊಂಡಿರಲಿಲ್ಲ. ಆ ವರ್ಷ, ಹರಡಿದ ಕ್ಯಾನ್ಸರ್‌ನಲ್ಲಿ 1+ ಇದ್ದವರಿಗೂ ಕೆಲಸ ಮಾಡೋ ಹೊಸ ಔಷಧಿಯ ಫಲಿತಾಂಶ ಬಂತು. ಅದೇ ವರ್ಷ ಇನ್ನೊಂದು ಅಧ್ಯಯನವೂ ಬಂತು: 18 ಪೆಥಾಲಜಿಸ್ಟ್‌ಗಳು ಒಂದೇ ಸ್ಲೈಡ್‌ಗಳನ್ನ ನೋಡಿದಾಗ 0 ಮತ್ತು 1+ ಮಧ್ಯೆ ಹೊಂದಿಕೆ ಶೇ. 26. ಮೂವತ್ತು ವರ್ಷ ಹಳೆಯ ರೊಸಾಯ್ ಪ್ರಯೋಗ ಹೊಸ ಗೆರೆಯ ಹತ್ತಿರ ಮತ್ತೆ ಶುರುವಾದ ಹಾಗಾಯ್ತು.

ಮುಂದಿನ ಎಪಿಸೋಡ್‌ನಲ್ಲಿ 1982ರ ನೋಂದಣಿಯ ಕಥೆ ಹೇಳ್ತೀನಿ, ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಒಂದು ಊರಿನ ಕ್ಯಾನ್ಸರ್ ಎಣಿಸಿದ್ದು ಹೇಗೆ ಅಂತ. ಸಿಗೋಣ.