ಬಿಟ್ಟಿಯೂ ಒಲ್ಲೆಯೂ

ಬೆಳಗಾವಿ ಸೀಮೆಯ ಮಾತಿನಲ್ಲಿ ‘ಒಲ್ಲೆ’ ಎಂಬುದೊಂದು ಹಳಗನ್ನಡದ ಉಳಿಕೆ. ‘ನಾನು’ ಎಂಬುದೂ ‘ಬೇಡ’ ಎಂಬುದೂ ಆ ಒಂದೇ ಪದದಲ್ಲಿ ಅಡಗಿವೆ. ಕಾರಣ ಹೇಳಬೇಕಾದುದಿಲ್ಲ, ಕ್ಷಮೆ ಕೇಳಬೇಕಾದುದೂ ಇಲ್ಲ. ಕಾಕತಿಯ ದೇಸಾಯಿ ಮನೆತನದಲ್ಲಿ 1778ರಲ್ಲಿ ಹುಟ್ಟಿದ ಚೆನ್ನಮ್ಮ, ದತ್ತಕವನ್ನೊಪ್ಪದೆ ಕಿತ್ತೂರಿನ ಬೊಕ್ಕಸಕ್ಕೆ ಕೈಹಾಕಿದ ಕಂಪನಿ ಸರಕಾರಕ್ಕೆ 1824ರಲ್ಲಿ ಕೊಟ್ಟ ಉತ್ತರವೂ ಇದೇ. ರಾಣಿಯ ‘ಒಲ್ಲೆ’ಗೆ ಲಾವಣಿಗಳುಂಟು, ಪ್ರತಿಮೆಗಳುಂಟು. ಅದೇ ಕಾಕತಿಯ ಓಣಿಗಳಲ್ಲಿ ಮನೆಮನೆ ತಿರುಗುವ ಆಶಾ ಕಾರ್ಯಕರ್ತೆ ಕೂಲಿಯಿಲ್ಲದ ಕೆಲಸಕ್ಕೆ ‘ಒಲ್ಲೆ’ ಎಂದರೆ ಮಾತ್ರ ನಮ್ಮ ಹುಬ್ಬು ಗಂಟಾಗುತ್ತದೆ. ಏಕೆಂದು ತಿಳಿಯಲು ‘ಬಿಟ್ಟಿ’ ಎಂಬ ಇನ್ನೊಂದು ಪದದ ಬೆನ್ನು ಹತ್ತಬೇಕು.

ಸಂಸ್ಕೃತದ ‘ವಿಷ್ಟಿ’ಯೇ ನಮ್ಮ ಬಿಟ್ಟಿ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಅದರ ಮಾತುಂಟು. ನಮ್ಮ ಶಾಸನಗಳು ದತ್ತಿಯ ಊರುಗಳಿಗೆ ಬಿಟ್ಟಿಯ ವಿನಾಯಿತಿ ಕೊಡುತ್ತವೆ. ಉಳಿದ ಊರುಗಳಿಗೆ ಹೊರೆ ಇದ್ದೇ ಇತ್ತೆಂದು ಅರ್ಥ. ಹೆಂಗಸರ ಬಿಟ್ಟಿಯ ವಿವರ ಮಾತ್ರ ನನಗೆ ದೊರೆತದ್ದು ಯಾರೂ ಹುಡುಕದ ಕಡೆ, ವಾತ್ಸ್ಯಾಯನನ ಕಾಮಸೂತ್ರದಲ್ಲಿ! ಊರ ಅಧಿಕಾರಿಯ ಕಣಜ ತುಂಬುವುದು, ಸಾಮಾನು ಒಳಗೆ ಹೊರಗೆ ಸಾಗಿಸುವುದು, ಅವನ ಮನೆ ಒಪ್ಪಮಾಡುವುದು, ಹೊಲಗೆಲಸ, ಅರಳೆ ಉಣ್ಣೆಗಳ ಕೆಲಸ. ಈ ನೆಪದಲ್ಲಿ ಅಧಿಕಾರಿ ಆ ಬಡ ಹೆಂಗಸರನ್ನು ಹೇಗೆ ವಶಮಾಡಿಕೊಳ್ಳಬಹುದೆಂಬುದು ಗ್ರಂಥಕಾರನ ಚಿಂತೆ. ಅವರು ಒಲ್ಲೆವೆನ್ನಬಹುದೆಂಬ ಸುಳಿವೇ ಅಲ್ಲಿಲ್ಲ.

ಹಳೆಯ ಕಾಲದ ಕತೆಯೆಂದು ನಗುವವರು ನಮ್ಮ ಕಾಲೇಜುಗಳ ಸಮಾರಂಭ ನೋಡಲಿ. ರಂಗವಲ್ಲಿ, ಅತಿಥಿಗಳ ಸ್ವಾಗತ, ಚಹದ ಏರ್ಪಾಡು ಯಾರ ಪಾಲಿಗೆ? ಬಡ್ತಿಯ ಕಡತದಲ್ಲಿ ಅದಕ್ಕೊಂದು ಸಾಲೂ ಇರುವುದಿಲ್ಲ.

1950ರ ಸಂವಿಧಾನ 23ನೆಯ ವಿಧಿಯಲ್ಲಿ ಬೇಗಾರವನ್ನು ನಿಷೇಧಿಸಿತು. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸುವುದೂ ಬಲಾತ್ಕಾರದ ದುಡಿಮೆಯೇ ಎಂದು 1982ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಆದರೆ ಬಿಟ್ಟಿ ಅಷ್ಟು ಸುಲಭವಾಗಿ ಸಾಯುವಂಥದಲ್ಲ. ‘ಸೇವೆ’ ಎಂಬ ಮಡಿ ಉಟ್ಟು ಬಂತು. 1975ರಲ್ಲಿ ಅಂಗನವಾಡಿ, 2005ರಲ್ಲಿ ಆಶಾ. ಕೂಲಿಗೆ ಬದಲು ಗೌರವಧನ, ಪ್ರೋತ್ಸಾಹಧನ. ಕರ್ನಾಟಕದಿಂದ ಹೋದ ಮೊಕದ್ದಮೆಯೊಂದರಲ್ಲಿ, ಅಂಗನವಾಡಿಯಾಕೆಯದು ಸರಕಾರಿ ಹುದ್ದೆಯಲ್ಲವೆಂದು ಅದೇ ನ್ಯಾಯಾಲಯ 2006ರಲ್ಲಿ ತೀರ್ಪಿತ್ತಿತು.

ಇಂಥ ಕಡೆ ಶರಣರ ಕಾಯಕವನ್ನು ಎಳೆತರುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ದಾಸೋಹ ನಡೆದದ್ದು ಕಾಯಕದಿಂದ ಗಳಿಸಿದ್ದರಲ್ಲಿ. ಗಳಿಕೆಯೇ ಇಲ್ಲದವಳು ಯಾವುದನ್ನು ಸಲ್ಲಿಸಬೇಕು? ಗಂಡ ಮಾರಯ್ಯ ಮಿಗಿಲಾಗಿ ತಂದ ಅಕ್ಕಿಯನ್ನು ಒಲ್ಲೆನೆಂದ ಆಯ್ದಕ್ಕಿ ಲಕ್ಕಮ್ಮನಿಗೆ ದುಡಿಮೆಯ ಅಳತೆ ಚೆನ್ನಾಗಿ ಗೊತ್ತಿತ್ತು.

2020ರ ಜುಲೈಯಲ್ಲಿ, ಕೋವಿಡ್ಡಿನ ನಡುವೆ, ರಾಜ್ಯದ ಸುಮಾರು 42,000 ಆಶಾ ಕಾರ್ಯಕರ್ತೆಯರು ತಿಂಗಳಿಗೆ 12,000 ರೂಪಾಯಿ ಕೇಳಿ ಕೆಲಸ ನಿಲ್ಲಿಸಿದರು. ರೋಗದ ಕಾಲದಲ್ಲಿ ಮುಷ್ಕರವೇ ಎಂದು ಮೂಗು ಮುರಿದವರನ್ನು ನಾನು ಬಲ್ಲೆ. ರೋಗದ ಕಾಲದಲ್ಲಿ ಅರೆಗೂಲಿಯೇ ಎಂದು ಕೇಳಿದವರು ಕಡಿಮೆ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೇಶದ ಆಶಾಗಳಿಗೆ ಪ್ರಶಸ್ತಿ ಕೊಟ್ಟಿತು. 2025ರ ಜನವರಿಯ ಚಳಿಯಲ್ಲಿ ಅವರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಮತ್ತೆ ಕುಳಿತರು. ತಿಂಗಳಿಗೆ ಕನಿಷ್ಠ 10,000 ರೂಪಾಯಿಯ ಭರವಸೆ ದೊರೆತ ಮೇಲೆ ಎದ್ದರು. ಕೇಳಿದ್ದು 15,000.